ಮೂರು ತಿಂಗಳ ಶುಗರ್ ಟೆಸ್ಟ್: ಲ್ಯಾಬ್ ಕೌಂಟರ್‌ನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಉಡುಪಿಯ ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಅದಕ್ಕೂ ಮೊದಲು ಕೆಲವು ವರ್ಷ ಮಂಗಳೂರಿನಲ್ಲಿದ್ದೆ. ಬೆಳಿಗ್ಗೆ ಆರೂವರೆಗೆ ಶಟರ್ ಎತ್ತುವಾಗಲೇ ಹೊರಗೆ ನಾಲ್ಕೈದು ಜನ ಕೊಡೆ ಹಿಡಿದು ನಿಂತಿರುತ್ತಾರೆ. ಹೆಚ್ಚಿನವರು ಬರುವುದು ಶುಗರ್ ನೋಡಿಸಲು. ಸೂಜಿ ಚುಚ್ಚುವ ಎರಡು ನಿಮಿಷದಲ್ಲಿ ಅವರು ಕೇಳುವ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಲು ಸಮಯ ಸಾಕಾಗುವುದಿಲ್ಲ. ಹಿಂದೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ನನ್ನ ಅಮ್ಮನಿಗೂ ಸಕ್ಕರೆ ಕಾಯಿಲೆ ಇರುವುದರಿಂದ ಈ ಪ್ರಶ್ನೆಗಳೆಲ್ಲ ನಮ್ಮ ಮನೆಯಲ್ಲೂ ಎದ್ದಿವೆ. ಹಾಗಾಗಿ ಇಲ್ಲಿ ಕೂತು ನಿಧಾನವಾಗಿ ಬರೆಯುತ್ತಿದ್ದೇನೆ. ಔಷಧಿಯ ವಿಷಯದಲ್ಲಿ ಕೊನೆಯ ಮಾತು ನಿಮ್ಮ ಡಾಕ್ಟರದ್ದೇ.

ಈ ಮೂರು ತಿಂಗಳ ಟೆಸ್ಟ್ ಅಂದರೆ ಎಂತದು?

ರಿಪೋರ್ಟ್‌ನಲ್ಲಿ ಎಚ್‌ಬಿಎ1ಸಿ ಎಂದು ಬರೆದಿರುತ್ತದೆ. ಎಚ್‌ಬಿ ಅಂದರೆ ಹಿಮೋಗ್ಲೋಬಿನ್. ನಮ್ಮ ಕೆಂಪು ರಕ್ತಕಣದ ಒಳಗೆ ಇರುವ, ಉಸಿರಿನ ಆಮ್ಲಜನಕವನ್ನು ಮೈಯೆಲ್ಲ ಹೊತ್ತು ತಿರುಗುವ ವಸ್ತು ಅದು.

ಹಲಸಿನ ಹಣ್ಣು ಬಿಡಿಸಿದವರಿಗೆ ಮೇಣ ಹೇಗೆ ಅಂಟುತ್ತದೆ ಎಂದು ಗೊತ್ತಲ್ವಾ? ಒಮ್ಮೆ ಅಂಟಿದರೆ ನೀರಿಗೆ ಹೋಗುವುದಿಲ್ಲ. ರಕ್ತದಲ್ಲಿರುವ ಸಕ್ಕರೆಯೂ ಹಿಮೋಗ್ಲೋಬಿನ್‌ಗೆ ಹಾಗೇ ಅಂಟಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಸ್ವಲ್ಪ ಅಂಟುತ್ತದೆ. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದಷ್ಟು ದಿನ ಜಾಸ್ತಿ ಅಂಟುತ್ತದೆ. ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ. ಅಂಟಿದ ಸಕ್ಕರೆ ಆ ಕಣ ಸಾಯುವವರೆಗೂ ಹೋಗುವುದಿಲ್ಲ. ಆದ್ದರಿಂದ ಇವತ್ತು ತೆಗೆದ ರಕ್ತದಲ್ಲಿ ಕಳೆದ ಎರಡು ಮೂರು ತಿಂಗಳ ಗುರುತು ಇರುತ್ತದೆ.

ರಿಪೋರ್ಟ್‌ನಲ್ಲಿ ಶೇ. 7 ಎಂದು ಬಂದರೆ, ನಿಮ್ಮ ಹಿಮೋಗ್ಲೋಬಿನ್‌ನ ನೂರು ಪಾಲಿನಲ್ಲಿ ಏಳು ಪಾಲಿಗೆ ಸಕ್ಕರೆ ಅಂಟಿದೆ ಎಂದು ಅರ್ಥ. ಅಷ್ಟೇ. ಸುಮಾರು ಜನ ಇದನ್ನು ರಕ್ತದಲ್ಲಿರುವ ಸಕ್ಕರೆಯ ಪ್ರಮಾಣ ಎಂದೇ ತಿಳಿದು ಗಾಬರಿಯಾಗುತ್ತಾರೆ.

ಸಕ್ಕರೆ ಕಾಯಿಲೆಯವರ ಹಿಮೋಗ್ಲೋಬಿನ್ ಬೇರೆ ಥರ ಇದೆ ಎಂದು 1968ರಲ್ಲಿ ಮೊದಲು ಗುರುತಿಸಿದವರು ಇರಾನಿನ ವಿಜ್ಞಾನಿ ಸ್ಯಾಮ್ಯುಯೆಲ್ ರಹಬರ್. ಕಾಯಿಲೆ ಇದೆಯೇ ಇಲ್ಲವೇ ಎಂದು ಹೇಳಲು ಇದನ್ನು ಬಳಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2011ರಲ್ಲಿ.

ಖಾಲಿ ಹೊಟ್ಟೆಯಲ್ಲಿ ಬರಬೇಕಾ?

ಬೇಡ. ತಿಂಡಿ ತಿಂದು, ಚಹಾ ಕುಡಿದು, ಸಂಜೆ ಆಫೀಸು ಮುಗಿಸಿ ಬಂದರೂ ಆಗುತ್ತದೆ. ಅದೇ ದಿನ ಫಾಸ್ಟಿಂಗ್ ಶುಗರ್ ಕೂಡ ಬರೆದುಕೊಟ್ಟಿದ್ದರೆ ಮಾತ್ರ ಎಂಟು ಗಂಟೆ ಏನೂ ತಿನ್ನದೆ ಬನ್ನಿ. ನೀರು ಕುಡಿಯಬಹುದು.

ಒಂದು ಸಣ್ಣ ವಿಷಯ ಗಮನಿಸಿ. ಫಾಸ್ಟಿಂಗ್ ಶುಗರ್‌ಗೆ ನಾವು ಬೂದು ಬಣ್ಣದ ಮುಚ್ಚಳದ ಟ್ಯೂಬ್ ತೆಗೆದುಕೊಳ್ಳುತ್ತೇವೆ. ಎಚ್‌ಬಿಎ1ಸಿಗೆ ನೇರಳೆ ಮುಚ್ಚಳದ್ದು. ಅದರೊಳಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇರುತ್ತದೆ. ಎರಡು ಮಿಲಿಲೀಟರ್ ತುಂಬಿಸಿ, ಎಂಟು ಹತ್ತು ಸಲ ಮೆಲ್ಲಗೆ ಮೇಲೆ ಕೆಳಗೆ ಮಾಡಬೇಕು. ಕುಲುಕಬಾರದು. ಕುಲುಕಿದರೆ ಕಣಗಳು ಒಡೆಯುತ್ತವೆ. ಆಮೇಲೆ ನಿಮ್ಮ ಎದುರೇ ಹೆಸರಿನ ಚೀಟಿ ಅಂಟಿಸಬೇಕು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ, ಜನ ಜಾಸ್ತಿ ಇದ್ದ ದಿನ, ಟ್ಯೂಬ್‌ಗಳನ್ನು ತಟ್ಟೆಯಲ್ಲಿಟ್ಟು ಆಮೇಲೆ ಚೀಟಿ ಹಚ್ಚಿದರು. ಒಂದೇ ಹೆಸರಿನ ಇಬ್ಬರ ರಿಪೋರ್ಟ್ ಅದಲು ಬದಲಾಯಿತು. ಒಬ್ಬರು ಸುಮ್ನೆ ಒಂದು ವಾರ ನಿದ್ದೆಗೆಟ್ಟರು. ಅವತ್ತಿನಿಂದ ನಾನು ಹೆಸರು, ವಯಸ್ಸು ಎರಡನ್ನೂ ಬಾಯಿಬಿಟ್ಟು ಕೇಳಿಯೇ ಚೀಟಿ ಹಚ್ಚುತ್ತೇನೆ. ನೀವೂ ಒಮ್ಮೆ ನೋಡಿಕೊಳ್ಳಿ.

ಎರಡು ದಿನ ಬರೀ ಗಂಜಿ ಕುಡಿದು ಬಂದರೆ ಕಡಿಮೆ ಬರುತ್ತದಾ?

ಇದನ್ನು ಕೇಳದ ದಿನವೇ ಇಲ್ಲ. ಒಬ್ಬರು ನಿವೃತ್ತ ಮೇಷ್ಟ್ರು ವರ್ಷಗಟ್ಟಲೆ ಹೀಗೇ ಮಾಡುತ್ತಿದ್ದರು. ಟೆಸ್ಟಿಗೆ ಮೂರು ದಿನ ಇರುವಾಗ ಅನ್ನ ಬಿಡುವುದು, ಎರಡು ಹೊತ್ತು ನಡೆಯುವುದು. ಫಾಸ್ಟಿಂಗ್ 108 ಬರುತ್ತಿತ್ತು. ಖುಷಿಯಿಂದ ಹೋಗುತ್ತಿದ್ದರು. ಡಾಕ್ಟರು ಮೊದಲ ಸಲ ಎಚ್‌ಬಿಎ1ಸಿ ಬರೆದುಕೊಟ್ಟಾಗ ಬಂದದ್ದು 8.9. ಅವರು ಕೌಂಟರ್‌ಗೆ ಬಂದು ರಿಪೋರ್ಟ್ ಮೇಜಿನ ಮೇಲಿಟ್ಟು, "ಇದು ನನ್ನದಲ್ಲ" ಎಂದರು. ಅವರದ್ದೇ ಆಗಿತ್ತು.

ಎರಡು ಮೂರು ದಿನದ ಪಥ್ಯ ಈ ಟೆಸ್ಟ್‌ಗೆ ಲೆಕ್ಕಕ್ಕೇ ಇಲ್ಲ. ಹಾಗೆಯೇ ನಿನ್ನೆ ಮದುವೆ ಮನೆಯಲ್ಲಿ ಹೋಳಿಗೆ ತಿಂದದ್ದೂ ಇದನ್ನು ಕೆಡಿಸುವುದಿಲ್ಲ. ಅದು ನಿಮಗೆ ಅನುಕೂಲವೇ ಅಲ್ವಾ? ಟೆಸ್ಟ್ ಇದೆ ಎಂದು ಹೆದರಿ ಬೇರೆ ಥರ ಬದುಕುವುದು ಬೇಡ. ಯಾವಾಗಲೂ ಹೇಗಿರುತ್ತೀರೋ ಹಾಗೇ ಬನ್ನಿ. ನಿಜವಾದ ಸಂಖ್ಯೆ ಕಂಡರೆ ಮಾತ್ರ ಡಾಕ್ಟರು ಸರಿಯಾದ ಔಷಧಿ ಕೊಡಲು ಸಾಧ್ಯ. 108 ನೋಡಿ ಮೇಷ್ಟ್ರಿಗೆ ವರ್ಷಗಟ್ಟಲೆ ಅದೇ ಹಳೆಯ ಮಾತ್ರೆ ಮುಂದುವರಿದಿತ್ತು. ಅಷ್ಟರಲ್ಲಿ ಕಾಲು ಜುಮ್ ಎನ್ನಲು ಶುರುವಾಗಿತ್ತು. ಅದನ್ನು ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ.

ಮೂರು ತಿಂಗಳೂ ಒಂದೇ ಸಮ ಲೆಕ್ಕಕ್ಕೆ ಬರುತ್ತದಾ?

ಇಲ್ಲ. ಹತ್ತಿರದ ದಿನಗಳಿಗೆ ತೂಕ ಜಾಸ್ತಿ. ಕಳೆದ 30 ದಿನಗಳ ಪಾಲು ಸುಮಾರು ಅರ್ಧ. ಅದಕ್ಕೂ ಹಿಂದಿನ ತಿಂಗಳದ್ದು ಕಾಲು ಭಾಗ. ಉಳಿದ ಕಾಲು ಭಾಗ ಅದಕ್ಕೂ ಹಿಂದಿನದು. ಅಷ್ಟಮಿಯ ಉಂಡೆ ಚಕ್ಕುಲಿಯಿಂದ ಶುರುವಾಗಿ, ಚೌತಿ ದಾಟಿ, ನವರಾತ್ರಿ ಮುಗಿದ ಮೇಲೆ ಟೆಸ್ಟ್ ಮಾಡಿಸಿದರೆ ಸಂಖ್ಯೆ ಸ್ವಲ್ಪ ಮೇಲೆ ಹೋಗುವುದು ಸಹಜ. ಮಳೆಗಾಲದಲ್ಲಿ ವಾಕಿಂಗ್ ನಿಂತದ್ದೂ ಅದರ ಜೊತೆ ಸೇರುತ್ತದೆ. ಡಾಕ್ಟರಿಗೆ ಅದನ್ನು ಹೇಳಿ.

5.7, 6.5 ಈ ಸಂಖ್ಯೆಗಳ ಅರ್ಥ ಏನು?

5.7ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ. 5.7ರಿಂದ 6.4ರವರೆಗೆ ಗಡಿ, ಅಂದರೆ ಪ್ರಿಡಯಾಬಿಟಿಸ್. 6.5 ಅಥವಾ ಅದಕ್ಕಿಂತ ಮೇಲೆ ಬಂದರೆ ಸಕ್ಕರೆ ಕಾಯಿಲೆ.

ಆದರೆ ಒಂದೇ ಸಲ 6.5 ಬಂತು ಎಂದ ಮಾತ್ರಕ್ಕೆ ತೀರ್ಮಾನ ಆಗುವುದಿಲ್ಲ. ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು ಇಂಥ ಲಕ್ಷಣ ಏನೂ ಇಲ್ಲದಿದ್ದರೆ ಇನ್ನೊಂದು ಸಲ ನೋಡಬೇಕು. ಅಥವಾ ಫಾಸ್ಟಿಂಗ್ ಶುಗರ್ ಜೊತೆ ತಾಳೆ ನೋಡಬೇಕು. ಫಾಸ್ಟಿಂಗ್ 126 ಅಥವಾ ಜಾಸ್ತಿ ಬಂದು, ಇದೂ 6.5 ದಾಟಿದ್ದರೆ ಅನುಮಾನ ಉಳಿಯುವುದಿಲ್ಲ.

ಗಡಿಯಲ್ಲಿರುವವರಿಗೆ ಒಂದು ಮಾತು. "ಇನ್ನೂ ಶುಗರ್ ಬಂದಿಲ್ಲ, ಬಾರ್ಡರ್ ಅಷ್ಟೇ" ಎಂದು ರಿಪೋರ್ಟ್ ಮಡಚಿ ಜೇಬಿಗೆ ಹಾಕುವವರೇ ಜಾಸ್ತಿ. ನನ್ನ ಪ್ರಕಾರ ಎಲ್ಲಕ್ಕಿಂತ ಬೆಲೆಯುಳ್ಳ ರಿಪೋರ್ಟ್ ಅದು. ಇಲ್ಲಿಂದ ಹಿಂದೆ ಬರುವ ದಾರಿ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ. ಗಡಿಯಲ್ಲಿರುವವರು ಸುಮಾರು 13.6 ಕೋಟಿ. ನಮ್ಮ ಮೈಕಟ್ಟಿನ ಜನರಿಗೆ ಅಷ್ಟೇನೂ ದಪ್ಪ ಇಲ್ಲದಿದ್ದರೂ ಇದು ಬರುತ್ತದೆ. ಹೊಟ್ಟೆಯ ಸುತ್ತ ಸೇರಿದ ಕೊಬ್ಬೇ ಸಾಕು. ತೂಕದಲ್ಲಿ ನಾಲ್ಕೈದು ಕಿಲೋ ಇಳಿಸಿ, ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆದವರ ಸಂಖ್ಯೆ ಕೆಳಗೆ ಬಂದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಕೆಳಗೆ "ಆವರೇಜ್ ಗ್ಲೂಕೋಸ್ 183" ಎಂದು ಇನ್ನೊಂದು ಸಂಖ್ಯೆ ಇದೆ. ಅದು ಯಾವುದು?

ಅದು ಬೇರೆ ಟೆಸ್ಟ್ ಅಲ್ಲ, ಲೆಕ್ಕ. ಎಚ್‌ಬಿಎ1ಸಿಯನ್ನು 28.7ರಿಂದ ಗುಣಿಸಿ 46.7 ಕಳೆದರೆ ಅದು ಸಿಗುತ್ತದೆ. 6 ಅಂದರೆ ಸರಾಸರಿ 126. 7 ಅಂದರೆ 154. 8 ಅಂದರೆ 183. 9 ಅಂದರೆ 212. 10 ಬಂದರೆ 240. ಒಂದು ಅಂಕ ಏರಿದರೆ ಸರಾಸರಿ ಹತ್ತಿರ ಹತ್ತಿರ 29 ಏರುತ್ತದೆ ಎಂದು ನೆನಪಿಟ್ಟರೆ ಸಾಕು.

ಸರಾಸರಿಯಲ್ಲಿ ಒಂದು ತೊಂದರೆ ಇದೆ. ಒಬ್ಬರ ಶುಗರ್ ದಿನವಿಡೀ 150ರ ಆಸುಪಾಸಿನಲ್ಲಿರುತ್ತದೆ. ಇನ್ನೊಬ್ಬರದ್ದು ಮಧ್ಯಾಹ್ನ 250ಕ್ಕೆ ಏರಿ, ರಾತ್ರಿ 55ಕ್ಕೆ ಬೀಳುತ್ತದೆ. ಇಬ್ಬರಿಗೂ ಎಚ್‌ಬಿಎ1ಸಿ ಒಂದೇ ಬರಬಹುದು. ಎರಡನೆಯವರಿಗೆ ಅಪಾಯ ಇದೆ. ರಾತ್ರಿ ಬೆವರು, ಕೈ ನಡುಕ, ಕೆಟ್ಟ ಕನಸು ಇದ್ದರೆ ಸಂಖ್ಯೆ ಚೆನ್ನಾಗಿದೆ ಎಂದು ಸುಮ್ಮನಿರಬೇಡಿ.

ಬೆಳಿಗ್ಗೆಯ ಶುಗರ್ 110 ಇರುತ್ತದೆ. ಹಾಗಾದರೆ ಇದು 7.8 ಯಾಕೆ ಬಂತು?

ನೀವು ದಿನದಲ್ಲಿ ಒಂದೇ ಹೊತ್ತಿನ ಶುಗರ್ ನೋಡುತ್ತಿದ್ದೀರಿ. ಉಳಿದ ಹೊತ್ತು ಏನಾಗುತ್ತದೆ?

ನಮ್ಮ ಊರಿನ ಒಂದು ದಿನ ನೋಡೋಣ. ಬೆಳಿಗ್ಗೆ ನೀರ್ ದೋಸೆ. ಅದು ಎಷ್ಟು ತೆಳ್ಳಗೆ, ಮೆದು ಅಂದರೆ ಆರು ಹೋದದ್ದೇ ಗೊತ್ತಾಗುವುದಿಲ್ಲ. ಆದರೆ ಅದು ನುಣ್ಣಗೆ ಅರೆದ ಬೆಳ್ತಿಗೆ ಅಕ್ಕಿ. ಬೇಗ ಸಕ್ಕರೆಯಾಗುತ್ತದೆ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಮತ್ತೆ ಸ್ವಲ್ಪ ಅನ್ನ ಮಜ್ಜಿಗೆಗೆ. ಸಂಜೆ ನಾಲ್ಕಕ್ಕೆ ಚಹಾ, ಜೊತೆಗೆ ಬನ್ಸ್ ಅಥವಾ ಗೋಳಿಬಜೆ. ಬನ್ಸ್ ಅಂದರೆ ಮೈದಾ, ಬಾಳೆಹಣ್ಣು, ಸಕ್ಕರೆ ಮೂರೂ ಸೇರಿದ್ದು. ರಾತ್ರಿ ಮತ್ತೆ ಅನ್ನ. ಪ್ರತಿ ಸಲ ಶುಗರ್ ಏರುತ್ತದೆ, ಇಳಿಯಲು ಎರಡು ಮೂರು ಗಂಟೆ ಬೇಕು, ಅಷ್ಟರಲ್ಲಿ ಮುಂದಿನದು ಬರುತ್ತದೆ. ರಾತ್ರಿಯ ಎಂಟು ಗಂಟೆ ಬಿಡುವಿನಲ್ಲಿ ಅದು ಇಳಿದು ಬೆಳಿಗ್ಗೆ 110 ತೋರಿಸುತ್ತದೆ.

ಎಚ್‌ಬಿಎ1ಸಿ ತುಂಬಾ ಜಾಸ್ತಿ ಇರುವವರಲ್ಲಿ ಫಾಸ್ಟಿಂಗ್ ಶುಗರ್‌ನ ಪಾಲು ದೊಡ್ಡದು. 7ರ ಹತ್ತಿರ ಬಂದವರಲ್ಲಿ ಊಟದ ನಂತರದ ಏರಿಕೆಯದ್ದೇ ಪಾಲು ದೊಡ್ಡದು. ಹಾಗಾಗಿ ವಾರದಲ್ಲಿ ಒಂದೆರಡು ದಿನ ಊಟದ ಮೊದಲ ತುತ್ತಿನಿಂದ ಲೆಕ್ಕ ಹಾಕಿ ಎರಡು ಗಂಟೆಯ ನಂತರ ಬೆರಳು ಚುಚ್ಚಿ ನೋಡಿ. ಬೇರೆ ಬೇರೆ ಊಟದ ನಂತರ ನೋಡಿ. ನಿಮಗೆ ಯಾವುದು ಏರಿಸುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ.

ಕೆಲವರಿಗೆ ಇದು ಉಲ್ಟಾ. ರಾತ್ರಿ ಮಲಗುವಾಗ 120, ಬೆಳಿಗ್ಗೆ ಏನೂ ತಿನ್ನದೆ 165. ಬೆಳಗಿನ ಜಾವ ದೇಹ ತಾನೇ ಎಚ್ಚರದ ಹಾರ್ಮೋನು ಬಿಡುತ್ತದೆ, ಯಕೃತ್ತು ಸಕ್ಕರೆ ಹೊರಹಾಕುತ್ತದೆ. ಅವರು ಕದ್ದು ತಿಂದಿಲ್ಲ. ಮನೆಯವರು ಬಯ್ಯಬೇಡಿ.

ಕುಚ್ಚಲಕ್ಕಿ ತಿಂದರೆ ಏರುವುದಿಲ್ಲ ಅಲ್ವಾ?

ಏರುತ್ತದೆ. ಬೆಳ್ತಿಗೆಗಿಂತ ಸ್ವಲ್ಪ ನಿಧಾನ. ಅದೇ ಕುಚ್ಚಲಕ್ಕಿಯನ್ನು ಮೆತ್ತಗೆ ಬೇಯಿಸಿ ಗಂಜಿ ಮಾಡಿದರೆ ಬೇಗ ಜೀರ್ಣವಾಗುತ್ತದೆ, ಬೇಗ ಏರುತ್ತದೆ. ಅಕ್ಕಿ ಯಾವುದು ಎನ್ನುವುದಕ್ಕಿಂತ ಬಟ್ಟಲು ಎಷ್ಟು ದೊಡ್ಡದು ಎನ್ನುವುದೇ ಮುಖ್ಯ. ಅನ್ನದ ಅರ್ಧದಷ್ಟಾದರೂ ಪಲ್ಯ, ಜೊತೆಗೆ ಮೀನೋ ಹೆಸರುಕಾಳೋ ಇರಲಿ. ಒಣ ಮೀನಿನ ಚಟ್ನಿ ಮತ್ತು ಉಪ್ಪಿನಕಾಯಿಯಲ್ಲಿ ಎರಡು ಬಟ್ಟಲು ಗಂಜಿ ಮುಗಿಸುವುದು ರುಚಿಯೇನೋ ಹೌದು. ಆದರೆ ಅಲ್ಲಿ ಅಕ್ಕಿ ಬಿಟ್ಟರೆ ಬೇರೇನೂ ಇಲ್ಲ.

ರಕ್ತ ಕಡಿಮೆ ಇದ್ದರೆ ಈ ಟೆಸ್ಟ್ ತಪ್ಪು ತೋರಿಸುತ್ತದಾ?

ತೋರಿಸಬಹುದು. ಇದನ್ನು ನಾನು ಸ್ವಲ್ಪ ಉದ್ದಕ್ಕೆ ಹೇಳಬೇಕು. ಇಲ್ಲಿಯೇ ಹೆಚ್ಚು ಜನ ಎಡವುವುದು.

ಎರಡು ದಿನದ ಪಥ್ಯಕ್ಕೆ ಮೋಸ ಹೋಗದ ಈ ಟೆಸ್ಟ್, ರಕ್ತಕಣದ ಆಯಸ್ಸು ಬದಲಾದರೆ ಮೋಸ ಹೋಗುತ್ತದೆ. ಇಡೀ ಲೆಕ್ಕ ನಿಂತಿರುವುದೇ ಕಣ 120 ದಿನ ಬದುಕುತ್ತದೆ ಎಂಬುದರ ಮೇಲೆ. ಕಣ ಬೇಗ ಸತ್ತರೆ ಸಕ್ಕರೆ ಅಂಟಲು ಸಮಯ ಸಿಗುವುದಿಲ್ಲ, ಸಂಖ್ಯೆ ಕಡಿಮೆ ಬರುತ್ತದೆ. ಹೊಸ ಕಣ ಹುಟ್ಟುವುದು ನಿಧಾನವಾಗಿ ಹಳೆಯ ಕಣಗಳೇ ಜಾಸ್ತಿ ಉಳಿದರೆ ಸಂಖ್ಯೆ ಮೇಲೆ ಹೋಗುತ್ತದೆ.

ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಆದಾಗ ಸಂಖ್ಯೆ ನಿಜಕ್ಕಿಂತ ಜಾಸ್ತಿ ಬರುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ಇದು ತುಂಬಾ ಸಾಮಾನ್ಯ. ಬೀಡಿ ಕಟ್ಟುವ ಒಬ್ಬ ಹೆಂಗಸು ಒಮ್ಮೆ ಅಳುತ್ತಾ ಬಂದರು. ಎಚ್‌ಬಿಎ1ಸಿ 6.6. "ನನಗೂ ಶುಗರ್ ಬಂತಲ್ಲ ಮಾರಾಯ್ರೆ" ಎಂದರು. ಕಣ್ಣಿನ ಕೆಳರೆಪ್ಪೆ ಬಿಳಿಚಿತ್ತು, ಉಗುರು ಚಪ್ಪಟೆಯಾಗಿತ್ತು. ಹಿಮೋಗ್ಲೋಬಿನ್ ನೋಡಿದರೆ 7.8, ತುಂಬಾ ಕಡಿಮೆ. ಫಾಸ್ಟಿಂಗ್ ಶುಗರ್ 92. ಡಾಕ್ಟರು ಮೊದಲು ಕಬ್ಬಿಣದ ಮಾತ್ರೆ ಕೊಟ್ಟರು. ನಾಲ್ಕು ತಿಂಗಳ ನಂತರ ಹಿಮೋಗ್ಲೋಬಿನ್ 11 ದಾಟಿತು, ಎಚ್‌ಬಿಎ1ಸಿ 5.6 ಆಯಿತು. ಶುಗರ್ ಮಾತ್ರೆಯ ಅಗತ್ಯವೇ ಇರಲಿಲ್ಲ. ಬಿ12 ವಿಟಮಿನ್ ಕೊರತೆಯಲ್ಲೂ ಹೀಗೆ ಜಾಸ್ತಿ ಬರಬಹುದು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ತಿನ್ನುವವರಲ್ಲಿ ಬಿ12 ಕಡಿಮೆಯಾಗುವುದುಂಟು. ಅವರು ಅದನ್ನೂ ಒಮ್ಮೆ ನೋಡಿಸುವುದು ಒಳ್ಳೆಯದು.

ಇನ್ನು ಕಡಿಮೆ ತೋರಿಸುವ ಕಡೆ. ಮಂಗಳೂರಿನವರಿಗೆ ಮಲೇರಿಯಾ ಹೊಸದಲ್ಲ. ಮಲೇರಿಯಾ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಅದು ಬಂದು ಹೋದ ಒಂದೆರಡು ತಿಂಗಳಲ್ಲಿ ಟೆಸ್ಟ್ ಮಾಡಿಸಿದರೆ ರಕ್ತದಲ್ಲಿ ಹೊಸ ಕಣಗಳೇ ತುಂಬಿರುತ್ತವೆ. ಸಂಖ್ಯೆ ಸುಳ್ಳು ಸುಳ್ಳೇ ಚೆನ್ನಾಗಿ ಕಾಣುತ್ತದೆ. ಊಟದ ನಂತರ 240 ಇರುವವರಿಗೆ 5.9 ಬಂದದ್ದನ್ನು ನೋಡಿದ್ದೇನೆ. ಅಪಘಾತದಲ್ಲಿ ರಕ್ತ ಹೋದವರು, ಮೂಲವ್ಯಾಧಿಯಿಂದ ಜೋರಾಗಿ ರಕ್ತ ಹೋದವರು, ರಕ್ತ ಹಾಕಿಸಿಕೊಂಡವರು, ಡಯಾಲಿಸಿಸ್ ಮಾಡಿಸುವವರು, ರಕ್ತ ಏರಿಸುವ ಇಂಜೆಕ್ಷನ್ ತೆಗೆದುಕೊಳ್ಳುವವರು, ಕುಷ್ಠ ಮತ್ತು ಕೆಲವು ಚರ್ಮರೋಗಗಳಿಗೆ ಕೊಡುವ ಡ್ಯಾಪ್ಸೋನ್ ಮಾತ್ರೆ ತಿನ್ನುವವರು, ಇವರಿಗೆಲ್ಲ ಸಂಖ್ಯೆ ಕಡಿಮೆ ಬರಬಹುದು. ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆ ಇರುವವರಲ್ಲೂ, ಹುಟ್ಟಿನಿಂದಲೇ ಹಿಮೋಗ್ಲೋಬಿನ್ ಸ್ವಲ್ಪ ಬೇರೆ ಥರ ಇರುವವರಲ್ಲೂ ಲೆಕ್ಕ ತಪ್ಪಬಹುದು. ಅದು ಅವರ ಅಪ್ಪ ಅಮ್ಮನಿಂದ ಬಂದದ್ದು, ಅವರಿಗೇ ಗೊತ್ತಿರುವುದಿಲ್ಲ. ನಮ್ಮ ಮಷಿನ್‌ನ ಗ್ರಾಫ್‌ನಲ್ಲಿ ಇರಬಾರದ ಕಡೆ ಒಂದು ಏರು ಕಾಣುತ್ತದೆ. ಹಾಗೆ ಕಂಡರೆ ನಾವು ರಿಪೋರ್ಟ್‌ನಲ್ಲಿ ಬರೆಯುತ್ತೇವೆ. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಬಿಡಬೇಡಿ.

ಇಂಥವರಿಗೆ ಫ್ರಕ್ಟೋಸಮೈನ್ ಎಂಬ ಇನ್ನೊಂದು ಟೆಸ್ಟ್ ಇದೆ. ಅದು ರಕ್ತದ ಪ್ರೋಟೀನಿಗೆ ಅಂಟಿದ ಸಕ್ಕರೆ ನೋಡುತ್ತದೆ, ಎರಡು ಮೂರು ವಾರದ ಲೆಕ್ಕ ಕೊಡುತ್ತದೆ. ಇಲ್ಲದಿದ್ದರೆ ಫಾಸ್ಟಿಂಗ್ ಮತ್ತು ಊಟದ ನಂತರದ ಶುಗರ್ ಮೇಲೆಯೇ ಹೋಗಬೇಕು. ಗ್ಲೂಕೋಮೀಟರ್ ಒಂದು ಹೇಳುತ್ತದೆ, ಎಚ್‌ಬಿಎ1ಸಿ ಇನ್ನೊಂದು ಹೇಳುತ್ತದೆ ಅಂದಾಗ ಮೊದಲು ಹಿಮೋಗ್ಲೋಬಿನ್ ನೋಡಿಸಿ.

ಬಸುರಿಯರಿಗೆ ಇದನ್ನೇ ಮಾಡುತ್ತಾರಾ?

ಬಸಿರಿನಲ್ಲಿ ಬರುವ ಶುಗರ್ ಕಂಡುಹಿಡಿಯಲು ಇದು ಸಾಲದು. ಆಗ ಹೊಸ ರಕ್ತಕಣ ಬೇಗ ಬೇಗ ಹುಟ್ಟುತ್ತದೆ, ಸಂಖ್ಯೆ ತಾನೇ ಇಳಿಯುತ್ತದೆ. ಅದಕ್ಕೇ 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕುಡಿಸಿ, ಎರಡು ಗಂಟೆಯ ನಂತರ ರಕ್ತ ತೆಗೆಯುತ್ತಾರೆ. ನಮ್ಮ ದೇಶದ ಪದ್ಧತಿಯಲ್ಲಿ 140 ಅಥವಾ ಜಾಸ್ತಿ ಬಂದರೆ ಬಸಿರಿನ ಶುಗರ್ ಎಂದು ಲೆಕ್ಕ. ಕುಡಿಯುವಾಗ ವಾಕರಿಕೆ ಬರುತ್ತದೆ, ಐದು ಹತ್ತು ನಿಮಿಷದಲ್ಲಿ ನಿಧಾನವಾಗಿ ಕುಡಿಯಿರಿ. ಹೆರಿಗೆಯ ನಂತರ ಶುಗರ್ ಸರಿಯಾಯಿತು ಎಂದು ಮರೆಯಬೇಡಿ. ಮುಂದೆ ಬರುವ ಸಾಧ್ಯತೆ ಜಾಸ್ತಿ. ಆರರಿಂದ ಹನ್ನೆರಡು ವಾರದೊಳಗೆ ಒಮ್ಮೆ, ಆಮೇಲೂ ಆಗಾಗ ನೋಡಿಸಿ. ಬಾಣಂತನದ ಲೇಹ್ಯ, ತುಪ್ಪದ ನಡುವೆ ಈ ಟೆಸ್ಟ್ ಮರೆತೇ ಹೋಗುತ್ತದೆ.

ಎರಡು ಲ್ಯಾಬ್‌ನಲ್ಲಿ ಬೇರೆ ಬೇರೆ ಬಂತು. ಯಾವುದು ಸರಿ?

ಒಂದು ಕಡೆ 7.1, ಇನ್ನೊಂದು ಕಡೆ 7.4 ಬಂದರೆ ಎರಡೂ ಸರಿಯೇ. ಯಾವ ಮಷಿನ್‌ಗೂ ಅಷ್ಟು ಆಚೀಚೆ ಇರುತ್ತದೆ. 7.1ರಿಂದ 7.3ಕ್ಕೆ ಹೋಯಿತು ಎಂದು ತಲೆಕೆಡಿಸಿಕೊಳ್ಳಬೇಡಿ. ಅರ್ಧ ಅಂಕ ಅಥವಾ ಅದಕ್ಕಿಂತ ಜಾಸ್ತಿ ಬದಲಾದರೆ ಮಾತ್ರ ನಿಜವಾಗಿ ಏನೋ ಬದಲಾಗಿದೆ ಎಂದು ತಿಳಿಯಿರಿ. ಎಚ್‌ಪಿಎಲ್‌ಸಿ ವಿಧಾನ (ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರೆ ಬೇರೆ ಮಾಡಿ ಅಳೆಯುವುದು) ಎಂದು ರಿಪೋರ್ಟ್‌ನಲ್ಲಿ ಇದ್ದರೆ ಒಳ್ಳೆಯದು. ಪ್ರತಿ ಸಲ ಒಂದೇ ಕಡೆ ಮಾಡಿಸಿದರೆ ಹೋಲಿಸಲು ಸುಲಭ. ಕ್ಯಾಂಪ್‌ಗಳಲ್ಲಿ ಬೆರಳಿನ ಹನಿಯಿಂದ ಮಾಡುವ ಎಚ್‌ಬಿಎ1ಸಿ ಒಂದು ಅಂದಾಜಿಗೆ ಸಾಕು. ಅದರ ಮೇಲೆಯೇ ಹೊಸದಾಗಿ ಮಾತ್ರೆ ಶುರು ಮಾಡುವುದು ಬೇಡ, ಒಮ್ಮೆ ಲ್ಯಾಬ್‌ನಲ್ಲಿ ಖಚಿತ ಮಾಡಿ.

ಮಗ ದುಬೈಯಲ್ಲಿದ್ದಾನೆ. ಅವನ ರಿಪೋರ್ಟ್‌ನಲ್ಲಿ ಬೇರೆ ಸಂಖ್ಯೆಗಳಿವೆ.

ನಮ್ಮ ಕರಾವಳಿಯಲ್ಲಿ ಮನೆಗೊಬ್ಬರು ಹೊರದೇಶದಲ್ಲಿ ಇರುವುದರಿಂದ ಈ ಪ್ರಶ್ನೆ ಸುಮಾರು ಬರುತ್ತದೆ. ಶುಗರ್ 8.5 ಎಂದು ಬರೆದಿದ್ದರೆ ಅದು ಮಿಲಿಮೋಲ್ ಲೆಕ್ಕ. ನಮ್ಮ ಮಿಲಿಗ್ರಾಂ ಲೆಕ್ಕಕ್ಕೆ ತರಲು 18ರಿಂದ ಗುಣಿಸಿ, 153 ಆಯಿತು. ಅದನ್ನು ಎಚ್‌ಬಿಎ1ಸಿ 8.5 ಎಂದು ತಿಳಿದು ವಾಟ್ಸಾಪ್‌ನಲ್ಲಿ ಅಮ್ಮ ಹೆದರಿದ್ದನ್ನು ಕಂಡಿದ್ದೇನೆ. ಎಚ್‌ಬಿಎ1ಸಿಯನ್ನೂ ಕೆಲವು ದೇಶಗಳಲ್ಲಿ 48, 53 ಎಂದು ಬರೆಯುತ್ತಾರೆ. 48 ಅಂದರೆ ನಮ್ಮ 6.5. 53 ಅಂದರೆ 7.

ಎಷ್ಟಕ್ಕೆ ತರಬೇಕು? ಎಲ್ಲರಿಗೂ 7 ಏನಾ?

ಹೆಚ್ಚಿನವರಿಗೆ 7ಕ್ಕಿಂತ ಕೆಳಗೆ. ಈ 7 ಸುಮ್ನೆ ಬಂದದ್ದಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ ಇನ್ಸುಲಿನ್ ಬೇಕೇ ಬೇಕಾದ ಮೊದಲ ಬಗೆಯ (ಟೈಪ್ 1) ಶುಗರ್ ಇರುವ 1,441 ಜನರನ್ನು ಸರಾಸರಿ ಆರೂವರೆ ವರ್ಷ ನೋಡಿದರು. ಫಲಿತಾಂಶ ಬಂದದ್ದು 1993ರಲ್ಲಿ. ಒಂದು ಗುಂಪಿನದ್ದು 9ರ ಹತ್ತಿರ, ಇನ್ನೊಂದು ಗುಂಪಿನದ್ದು 7ರ ಹತ್ತಿರ ಇತ್ತು. 7ರ ಗುಂಪಿನಲ್ಲಿ ಹೊಸದಾಗಿ ಕಣ್ಣಿನ ನರಪೊರೆಗೆ (ರೆಟಿನಾ) ಹಾನಿ ಶುರುವಾಗುವ ಅಪಾಯ ಶೇ. 76ರಷ್ಟು ಕಡಿಮೆಯಾಯಿತು. ನಮ್ಮಲ್ಲಿ ಹೆಚ್ಚಾಗಿ ಕಾಣುವ ಎರಡನೇ ಬಗೆಯ (ಟೈಪ್ 2) ಶುಗರ್ ಇರುವವರನ್ನು ಬ್ರಿಟನ್‌ನಲ್ಲಿ ದೀರ್ಘ ಕಾಲ ನೋಡಿದಾಗ, ಒಂದು ಅಂಕ ಕಡಿಮೆ ಇದ್ದವರಲ್ಲಿ ಕಣ್ಣು, ಕಿಡ್ನಿಯಂಥ ಸಣ್ಣ ರಕ್ತನಾಳಗಳ ತೊಂದರೆ ಶೇ. 37ರಷ್ಟು ಕಡಿಮೆ ಕಂಡಿತು. 9.5 ಇರುವವರು 8.5ಕ್ಕೆ ಬಂದರೂ ಲಾಭ ಇದೆ. "7 ಆಗಲೇ ಇಲ್ಲ" ಎಂದು ಕೈಚೆಲ್ಲಬೇಡಿ.

ಆದರೆ 80 ವರ್ಷದ ಅಜ್ಜಿ, ಒಬ್ಬರೇ ಮನೆಯಲ್ಲಿ, ಹೃದಯದ ತೊಂದರೆಯೂ ಇದೆ, ಇನ್ಸುಲಿನ್ ಬೇರೆ. ಅವರನ್ನು 6.5ಕ್ಕೆ ಎಳೆಯುವುದು ಅಪಾಯ. ಶುಗರ್ 70ಕ್ಕಿಂತ ಕೆಳಗೆ ಬಿದ್ದು ಬಚ್ಚಲಿನಲ್ಲಿ ಜಾರಿ ಸೊಂಟ ಮುರಿದರೆ ಯಾವ ಸಂಖ್ಯೆಯೂ ಉಪಯೋಗಕ್ಕಿಲ್ಲ. ಅಂಥವರಿಗೆ ಡಾಕ್ಟರು 8ರ ಆಸುಪಾಸು ಸಾಕು ಎನ್ನುತ್ತಾರೆ. ಪಕ್ಕದ ಮನೆಯವರ ಸಂಖ್ಯೆಯ ಜೊತೆ ಹೋಲಿಸಬೇಡಿ.

6.2 ಬಂತು. ಮಾತ್ರೆ ಬಿಡಬಹುದಾ?

ನೀವಾಗಿ ಬಿಡಬೇಡಿ. ಮಾತ್ರೆ ತಿಂದದ್ದರಿಂದ 6.2 ಬಂದಿರಬಹುದು. ತೂಕ ಚೆನ್ನಾಗಿ ಇಳಿಸಿದವರಿಗೆ ಡಾಕ್ಟರೇ ಮಾತ್ರೆ ಕಡಿಮೆ ಮಾಡಿ ನೋಡುತ್ತಾರೆ. ಮಾತ್ರೆ ಇಲ್ಲದೆ ಮೂರು ತಿಂಗಳು ಕಳೆದ ಮೇಲೂ 6.5ಕ್ಕಿಂತ ಕೆಳಗೆ ಇದ್ದರೆ ಕಾಯಿಲೆ ಹಿಂದೆ ಸರಿದಿದೆ ಎನ್ನುತ್ತಾರೆ. ಆಗಲೂ ವರ್ಷಕ್ಕೊಮ್ಮೆ ನೋಡಿಸಲೇಬೇಕು.

ರಂಜಾನ್ ಉಪವಾಸ, ಏಕಾದಶಿ ಇದ್ದಾಗ?

ಏಕಾದಶಿಯ ಒಂದು ದಿನದಿಂದ ಎಚ್‌ಬಿಎ1ಸಿ ಬದಲಾಗುವುದಿಲ್ಲ. ಆದರೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಂಡು ಊಟ ಬಿಟ್ಟರೆ ಆ ದಿನವೇ ಶುಗರ್ ಬೀಳಬಹುದು. ರಂಜಾನ್‌ಗೆ ಒಂದೆರಡು ತಿಂಗಳು ಇರುವಾಗಲೇ ಡಾಕ್ಟರನ್ನು ಕಂಡು ಔಷಧಿಯ ಹೊತ್ತು ಬದಲಿಸಿಕೊಳ್ಳಿ. ಉಪವಾಸದಲ್ಲೂ ಬೆರಳು ಚುಚ್ಚಿ ನೋಡಬಹುದು. 70ಕ್ಕಿಂತ ಕೆಳಗೆ ಹೋದರೆ ಅಥವಾ 300 ದಾಟಿದರೆ ಉಪವಾಸ ನಿಲ್ಲಿಸಬೇಕು. ಶುಗರ್ ಬಿದ್ದಿದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ.

ಎಷ್ಟು ಸಲ ಮಾಡಿಸಬೇಕು?

ಔಷಧಿ ಬದಲಾಗುತ್ತಿದ್ದರೆ ಮೂರು ತಿಂಗಳಿಗೊಮ್ಮೆ. ಹಿಡಿತದಲ್ಲಿದ್ದರೆ ವರ್ಷಕ್ಕೆ ಎರಡು ಸಲ. ತಿಂಗಳಿಗೊಮ್ಮೆ ಮಾಡಿಸಿದರೆ ಹಣ ದಂಡ. ತೊಂದರೆ ಇಲ್ಲದವರೂ 30 ವರ್ಷ ದಾಟಿದ ಮೇಲೆ ಶುಗರ್, ಬಿಪಿ ನೋಡಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ವಿಭಾಗ ಇದೆ. ಮಂಗಳೂರಿನವರಿಗೆ ವೆನ್ಲಾಕ್, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ಮಾತ್ರೆಯ ಖರ್ಚು ಭಾರ ಎನಿಸಿದರೆ ಜನೌಷಧಿ ಕೇಂದ್ರದಲ್ಲಿ ಕೇಳಿ. ಹಣ ಇಲ್ಲ ಎಂದು ಮಾತ್ರೆ ದಿನ ಬಿಟ್ಟು ದಿನ ತಿನ್ನುವವರನ್ನು ನೋಡುವಾಗ ಸಂಕಟವಾಗುತ್ತದೆ.

ಡಾಕ್ಟರ ಹತ್ತಿರ ಹೋಗುವಾಗ ಈ ರಿಪೋರ್ಟ್ ಒಂದೇ ಸಾಕಾ?

ಹಳೆಯ ರಿಪೋರ್ಟ್‌ಗಳನ್ನೂ ಒಯ್ಯಿರಿ. ಒಂದು ಸಂಖ್ಯೆಗಿಂತ ನಾಲ್ಕು ಸಂಖ್ಯೆ ಸಾಲಾಗಿ ಕಂಡರೆ ದಾರಿ ಗೊತ್ತಾಗುತ್ತದೆ. ವರ್ಷಕ್ಕೊಮ್ಮೆ ಕಿಡ್ನಿಗಾಗಿ ಮೂತ್ರದ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್, ಜೊತೆಗೆ ಕೊಲೆಸ್ಟರಾಲ್, ಕಣ್ಣಿನ ನರಪೊರೆಯ ಪರೀಕ್ಷೆ ಆಗಬೇಕು. ಪಾದವನ್ನು ಮನೆಯಲ್ಲೇ ದಿನಾ ನೋಡಿಕೊಳ್ಳಿ. ತೋಟಕ್ಕೆ ಬರಿಗಾಲಲ್ಲಿ ಹೋಗುವ ಅಭ್ಯಾಸ ಇರುವವರು ಮಳೆಗಾಲದಲ್ಲಿ ಬೆರಳ ಸಂದಿಯನ್ನೂ ನೋಡಿ. ಸ್ಪರ್ಶ ಕಡಿಮೆಯಾದ ಕಾಲಿಗೆ ಮುಳ್ಳು ಹೊಕ್ಕರೂ ಗೊತ್ತಾಗುವುದಿಲ್ಲ.

ಮನೆಯಲ್ಲಿ ನೋಡಿದ ಶುಗರ್ ಬರೆದಿಟ್ಟ ಪುಸ್ತಕವನ್ನೂ ಒಯ್ಯಿರಿ. ಪುಸ್ತಕವೇ ಆಗಬೇಕೆಂದಿಲ್ಲ. ನನ್ನ ಅಮ್ಮ ಅಡುಗೆ ಮನೆಯ ಕ್ಯಾಲೆಂಡರ್‌ನಲ್ಲೇ ಪೆನ್ಸಿಲ್‌ನಿಂದ ಬರೆಯುತ್ತಾರೆ. ಸಂಕಷ್ಟಿ, ಅಮಾವಾಸ್ಯೆಯ ಪಕ್ಕದಲ್ಲೇ ಸಣ್ಣದಾಗಿ 138, 146, 151. ಆಟಿ ತಿಂಗಳ ಒಂದು ಭಾನುವಾರದ ಚೌಕದಲ್ಲಿ 212 ಎಂದಿದೆ. ಅದರ ಕೆಳಗೆ "ಪತ್ರೊಡೆ, 4" ಎಂದು ಬರೆದಿದ್ದಾರೆ. ಮುಂದಿನ ಭಾನುವಾರ "ಪತ್ರೊಡೆ, 2". ಪಕ್ಕದಲ್ಲಿ 161.